ಸುರಂಗದಲ್ಲಿ ಹನ್ನೊಂದು ನಿಮಿಷ

"ಅಮೃತಾ ಅವರ ಮನಿ ಇದೇ ಏನ್ರಿ?"

ಕಣದಲ್ಲಿ ಮೆಕ್ಕೆಜೋಳ ಹರವುತ್ತಿದ್ದ ಅಮೃತಾಳ ಕೈ ನಿಂತಿತು. ಆ ದನಿ!

ಮುಖ ಹೊಸದು. ಆದರೆ ಆ ದನಿಯನ್ನು ಅವಳು ಒಂದೂವರೆ ವರ್ಷ ದಿನವೂ ಕೇಳಿದ್ದಳು...

"ನೀವು... ಕಂಟ್ರೋಲ್ ರೂಮಿನವರು?"

"ಹೌದ್ರಿ. ಗವಿಸಿದ್ದೇಶ್. ನಮ್ಮೂರು ಮಾಗಳ."

"ನಮ್ಮೂರು ತೆಲಿಗಿತನಕ ಯಾಕ ಬಂದ್ರಿ? ಹೋಗ್ರಿ ಇಲ್ಲಿಂದ!"

ಅವನು ಕದಲಲಿಲ್ಲ.

ಅಮೃತಾ ಮಹಾನಗರವೊಂದರ ಮೆಟ್ರೊ ರೈಲು ಓಡಿಸುತ್ತಿದ್ದಳು. ಮುಂದೆ ಸುರಂಗ, ಸಿಗ್ನಲ್ಲು. ಹಿಂದೆ ಎಂಟುನೂರು ಜನ. ಎಲ್ಲೋ ದೂರದ ಕಂಟ್ರೋಲ್ ರೂಮಿನಲ್ಲಿ ಕುಳಿತ ಗವಿಸಿದ್ದೇಶ್, ಆ ಮಾರ್ಗದ ಎಲ್ಲ ರೈಲುಗಳನ್ನೂ ದೊಡ್ಡ ಪರದೆಯ ಮೇಲೆ ನೋಡುತ್ತ, ಯಾವುದು ನಿಲ್ಲಬೇಕು, ಯಾವುದು ಹೊರಡಬೇಕು ಎಂದು ರೇಡಿಯೊದಲ್ಲಿ ಹೇಳುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಆಡಿದ್ದೆಲ್ಲ ಕೆಲಸದ ಮಾತೇ.

ಒಂದು ದಿನ ಅವನು ಬಾಯಿತಪ್ಪಿ, "ಮುಂದ ಗಾಡಿ ಐತಿ, ಚೂರು ತಡೀರಿ" ಅಂದುಬಿಟ್ಟ. ಅವಳಿಗೆ ಊರನ್ನೇ ಕಂಡಂತಾಯಿತು! ಅಂದಿನಿಂದ ಆ ದನಿ ಕೇಳದ ದಿನ ಮನಸ್ಸು ಬರಿದಾಗುತ್ತಿತ್ತು...

ಮೂರು ತಿಂಗಳ ಹಿಂದೆ ಮುದುಕನೊಬ್ಬ ತಲೆಸುತ್ತಿ ಪ್ಲಾಟ್‌ಫಾರ್ಮಿನಿಂದ ಹಳಿಗೆ ಬಿದ್ದ. ಅಮೃತಾ ಬ್ರೇಕ್ ಹಾಕಿದಳು. ಸಾಲಲಿಲ್ಲ.

ಗಾಡಿಯ ಮುಂದಿನಿಂದ ಅವನ ನರಳಾಟ ಕೇಳುತ್ತಿತ್ತು. "ನೀರು... ನೀರು..."

"ನಾನು ಇಳಿಯುತ್ತೇನೆ!" ಎಂದು ರೇಡಿಯೊದಲ್ಲಿ ಕೂಗಿದಳು.

"ಇಳಿಯಬೇಡಿ. ಇದು ಆದೇಶ."

ಅಷ್ಟೇ. ಮರುಕ್ಷಣ ಅದೇ ದನಿ ಹಿಂದಿನ ರೈಲುಗಳನ್ನು ತಡೆಯತೊಡಗಿತ್ತು, ಏನೂ ಆಗಿಲ್ಲವೆಂಬಂತೆ! ಹನ್ನೊಂದು ನಿಮಿಷ. ಸಿಬ್ಬಂದಿ ಹಳಿಗಿಳಿಯುವಷ್ಟರಲ್ಲಿ ಮುದುಕನ ಉಸಿರು ನಿಂತಿತ್ತು.

ಮರುದಿನವೇ ಅಮೃತಾ ರಜೆ ಬರೆದು ಊರಿಗೆ ಬಂದಿದ್ದಳು.

"ಒಂದು ಗುಟುಕು ನೀರು ಕೊಡಾಕ ಬಿಡಲಿಲ್ಲ ನೀವು," ಎನ್ನುತ್ತ ಈಗ ಅವಳು ಕೈಲಿದ್ದ ಕಾಳನ್ನು ಕಣಕ್ಕೆ ಎಸೆದಳು. "ನಿಮಗ ಗಾಡಿ ಟೈಮಷ್ಟೇ ಮುಖ್ಯ!"

"ಹಳಿ ಪಕ್ಕದಾಗ ಗಾಡಿಗಿ ಕರೆಂಟ್ ಕೊಡೋ ಪಟ್ಟಿ ಐತಲ್ರಿ... ಅದು ಬಂದ್ ಆಗಿರಲಿಲ್ಲ."

ಅವಳು ತಲೆಯೆತ್ತಿದಳು. ಆ ಕರೆಂಟನ್ನು ಆಗಲೇ ತೆಗೆದಿದ್ದಾರೆಂದೇ ಅವಳು ನಂಬಿದ್ದಳು.

"ಕರೆಂಟ್ ತಗೀರಿ ಅಂತ ಅದನ್ನ ನೋಡ್ಕೊಳ್ಳೋ ಪಕ್ಕದ ಟೇಬಲ್ಲಿನವರಿಗೆ ಆಗಲೇ ಹೇಳಿದ್ದೆ. ತಗದೀವಿ ಅಂದ್ರು. ನಿಮ್ಮ ಗಾಡಿ ಇದ್ದಲ್ಲಿ ಇನ್ನೂ ಕರೆಂಟ್ ಐತಿ ಅಂತ ಪರದಿ ತೋರಸ್ತಿತ್ತು. ಖಾತ್ರಿ ಆಗಾಕ ಅಷ್ಟು ಹೊತ್ತು ಹಿಡೀತು. ನೀವು ಕೆಳಗ ಕಾಲಿಟ್ಟಿದ್ರ..."



"ಇದನ್ನ ಅವತ್ತೇ ಯಾಕ ಹೇಳಲಿಲ್ಲ?"

"ಆವಾಗ ಏಳು ಗಾಡಿ ತಡೀಬೇಕಿತ್ತು. ಆಮ್ಯಾಲೆ ತನಿಖೆ ಮುಗಿಯೋತನಕ ನಿಮ್ಮ ಜೊತಿ ಮಾತಾಡಬಾರದು ಅಂದ್ರು. ನಿನ್ನೆ ಮುಗೀತು. ಇವತ್ತು ಬಂದೀನಿ."

ಅಮೃತಾ ಮೆಕ್ಕೆಜೋಳದ ರಾಶಿಯ ಪಕ್ಕ ಕುಳಿತಳು. 'ಇವನನ್ನೇ ಅಲ್ಲವೇ ನಾನು ಮೂರು ತಿಂಗಳು ಶಪಿಸಿದ್ದು...'

"ಆ ಗಾಡಿ ಇನ್ನ ನನ್ನ ಕೈಲಿ ಓಡಸಾಕ ಆಗಂಗಿಲ್ರಿ."

"ಬ್ಯಾಡ್ರಿ. ಅದನ್ನ ಕೇಳಾಕ ಬಂದಿಲ್ಲ."

"ಮತ್ತೇನು ಕೇಳಾಕ ಬಂದ್ರಿ?"

ಅವನು ಕಣದ ಅಂಚಿಗೆ ಬಂದು ನಿಂತ. "ನಿಮ್ಮನ್ನ. ಆ ಒಂದೂವರಿ ವರ್ಷ ದಿನಾ ನಿಮ್ಮ ದನಿಗಾಗೇ ಕಾಯ್ತಿದ್ದೆ. ನನ್ನ ಜೊತಿ ಬಾಳ್ವಿ ಮಾಡ್ತೀರೇನಂತ..."

ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಆ ಅಜ್ಜನ ಹೆಸರೇನಿತ್ರಿ? ಕೇಳಾಕ ನನಗ ಧೈರ್ಯನೇ ಆಗಲಿಲ್ಲ."

"ಪಕ್ಕೀರಪ್ಪ ಅಂತ. ಮಗಳ ಮನಿಗಿ ಹೊಂಟಿದ್ನಂತ. ಹೋದ ವಾರ ಆಕಿ ಮನಿಗಿ ಹೋಗಿ ಬಂದೆ."

"ನನ್ನನ್ನೂ ಕರ್ಕೊಂಡು ಹೋಗ್ತೀರೇನ್ರಿ?"

"ಹೋಗೂಣ್ರಿ. ಇಬ್ರೂ ಹೋಗೂಣು."

"ಅಲ್ಲಿಗಿ ಹೋಗಿ ಬಂದ ಮ್ಯಾಲೆ ನಿಮ್ಮ ಮಾತಿಗಿ ಉತ್ರ ಕೊಡ್ತೀನಿ."

"ಕಾಯ್ತೀನ್ರಿ."

ಅಮೃತಾ ಮೊದಲ ಸಲ ಅವನ ಮುಖವನ್ನು ನೆಟ್ಟಗೆ ನೋಡಿದಳು.

"ಭಾಳ ಕಾಯೋದೇನಿಲ್ಲ... ಉತ್ರ ನಿಮಗ ಗೊತ್ತೈತಿ. ಬರ್ರಿ, ಒಳಗ ಅವ್ವ ಅದಾಳ."