ಕಾಲೆತ್ತಬಾರದ ತಿರುವು

ಹೊಸ ಕಾರಿನೊಳಗೆ ಯಾರೋ ಆರಾಮಾಗಿ ಕೂತು ಸ್ಟೀರಿಂಗನ್ನು ಅತ್ತಿತ್ತ ತಿರುವುತ್ತಿದ್ದುದನ್ನು ಕಂಡು ಬ್ರೇಕ್ ಮೇಡಮ್ಮಿಗೆ ಮೈಯೆಲ್ಲ ಉರಿಯಿತು.

"ರೀ, ಇಳೀರಿ. ಇದು ನೋಡೋಕಿಟ್ಟಿರೋದು, ಕೂರೋಕಲ್ಲ."

ಆತ ಇಳಿಯಲಿಲ್ಲ. ನರೆತ ಕೂದಲು, ಬಿಸಿಲಿಗೆ ಕಂದಿದ ಮೂಗು, ತಪ್ಪು ಮಾಡಿ ಸಿಕ್ಕಿಬಿದ್ದರೂ ನಗುವ ಕಣ್ಣು. "ಕಾರು ಅಂದ್ಕೊಂಡು ಕೂತೆ. ಮೊಬೈಲಿಗೆ ಚಕ್ರ ಹಾಕಿದ್ದೀರಿ ಅಂತ ಗೊತ್ತಿರಲಿಲ್ಲ."

"ಏನಂದ್ರಿ?"

"ಸ್ಟೀರಿಂಗಿಗೆ ಜೀವ ಇಲ್ಲ ಅಂದೆ. ಹೀಗೆ ತಿರುಗಿಸಿದ್ರೆ ರಸ್ತೆ ಏನಾದ್ರೂ ಹೇಳಬೇಕು ತಾನೇ? ಪಾಪ, ಮೂಗಿ."

ಆ ಕಾರಿಗೆ ಅವಳು ತನ್ನ ಪ್ರಾಯದ ಅರ್ಧವನ್ನೇ ಸುರಿದಿದ್ದಳು. ಜಾರುವ ಕಾರನ್ನು ತಾನಾಗಿ ಹಿಡಿದು ದಾರಿಗೆ ತರುವ ವ್ಯವಸ್ಥೆ ಅವಳದು; ಕಾರ್ಖಾನೆಯಲ್ಲಿ ಅವಳಿಗೆ ಆ ಹೆಸರು ಬಂದದ್ದೂ ಅದರಿಂದಲೇ. "ನಿಮ್ಮಂಥವರ ಕೈಗೆ ಸಿಕ್ಕಿದ್ರೂ ಯಾರೂ ಸಾಯಬಾರದು ಅಂತ ಮಾಡಿರೋ ಕಾರು ಇದು," ಎಂದಳು.

ಅಷ್ಟರಲ್ಲಿ ಪ್ರಚಾರ ವಿಭಾಗದವನು ಏದುಸಿರು ಬಿಡುತ್ತ ಓಡಿಬಂದ. "ಸರ್, ಇಲ್ಲಿದ್ದೀರಾ! ಮೇಡಂ, ಗೊತ್ತಾಗಲಿಲ್ವಾ? ಗರುಡ ಸರ್!"

ಗೊತ್ತಾಗದೆ ಏನು. ಇದೇ ಕಾರಿನ ಮೊದಲ ತಲೆಮಾರಿನಲ್ಲಿ ರೇಸಿನ ಮೇಲೆ ರೇಸು ಗೆದ್ದ ಗರುಡನ ಫೋಟೊ ಅವಳ ಭಾವನ ಕೋಣೆಯಲ್ಲಿ ಆಳೆತ್ತರಕ್ಕೆ ಅಂಟಿಕೊಂಡಿತ್ತು. ಅವನಂತೆಯೇ ಓಡಿಸಲು ಹೋಗಿ ಭಾವ ಒಂದು ತಿರುವಿನಲ್ಲಿ ಸತ್ತಿದ್ದ. ಅಕ್ಕ ಆ ಫೋಟೊವನ್ನು ಉಗುರಿನಿಂದ ಕೆರೆದು ಕೆರೆದು ಕಿತ್ತಿದ್ದಳು.

ಆ ಮುಖ ಈಗ ಕಿಟಕಿಯಿಂದ ಹೊರಗಿಣುಕಿ ಕೇಳಿತು: "ಸಾಯದೆ ಇರೋದು ಸರಿ ಮೇಡಂ. ಬದುಕಿದ್ದೀನಿ ಅಂತ ಗೊತ್ತಾಗೋದು ಬೇಡ್ವಾ?"

ಹೊಸ ಕಾರಿನ ಬಿಡುಗಡೆಯ ದಿನ ಗರುಡ ನಾಲ್ಕೂ ತಲೆಮಾರಿನ ಕಾರುಗಳನ್ನು ಒಂದಾದ ಮೇಲೊಂದು ಓಡಿಸಿ ತೋರಿಸಬೇಕೆಂಬುದು ಪ್ರಚಾರದವನ ಯೋಜನೆ. ಹೊಸದರ ವ್ಯವಸ್ಥೆಯನ್ನು ಅವನಿಗೆ ಕಲಿಸುವ ಕೆಲಸ ಬ್ರೇಕ್ ಮೇಡಮ್ಮಿನ ಕೊರಳಿಗೆ ಬಿತ್ತು.

ಕಾರ್ಖಾನೆಯವರು ಆ ಕಾರುಗಳನ್ನು ಮುತ್ತಜ್ಜಿ, ಅಜ್ಜಿ, ಅಮ್ಮ, ಮಗಳು ಎಂದು ಕರೆಯುತ್ತಿದ್ದರು. ದಿನಾ ಬೆಳಗ್ಗೆ ಟೆಸ್ಟ್ ಟ್ರ್ಯಾಕಿನಲ್ಲಿ ಆ ನಾಲ್ವರ ನಡುವೆ ಇವರಿಬ್ಬರ ಜಗಳ.

ಮುತ್ತಜ್ಜಿಯ ಎಂಜಿನ್ನು ಬೆನ್ನ ಹಿಂದೆ, ಗಾಳಿಯಿಂದಲೇ ತಣಿಯುವಂಥದು. ಸ್ಟಾರ್ಟ್ ಮಾಡಿದರೆ ಸೀಟಿನಲ್ಲಿ ಕೂತವರ ಮೂಳೆಯೂ ನಡುಗುತ್ತಿತ್ತು. "ಇವಳದ್ದು ಒಂದೇ ಹಟ," ಎಂದ ಗರುಡ. "ತಿರುವಿನೊಳಗೆ ಹೆದರಿ ಆಕ್ಸಿಲರೇಟರ್‌ನಿಂದ ಕಾಲೆತ್ತಬಾರದು. ಎತ್ತಿದರೆ ಭಾರ ಮುಂದಕ್ಕೆ ಬರುತ್ತೆ, ಹಿಂದಿನ ಚಕ್ರ ಮಡಚಿಕೊಳ್ಳುತ್ತೆ, ಬಾಲ ಬೀಸಿ ನಿನ್ನನ್ನೇ ಹೊರಗೆಸೀತಾಳೆ. ನಂಬಿಕೆ ಇಟ್ಟು ಕಾಲೊತ್ತಬೇಕು."

"ಗೊತ್ತು," ಎಂದಳು ಅವಳು. "ನಮ್ಮ ಭಾವ ಕಾಲೆತ್ತಿದ್ದ."

ಗರುಡ ಕೀಲಿ ತಿರುಗಿಸಿ ಎಂಜಿನ್ ಆರಿಸಿದ. ಅವತ್ತಿನಿಂದ ಅವನ ಕೀಟಲೆಯಲ್ಲಿ ಒಂದು ಎಚ್ಚರ ಸೇರಿಕೊಂಡಿತು, ಅವಳಿಗೆ ಅದು ಅವನ ಕೀಟಲೆಗಿಂತ ಹೆಚ್ಚು ಹಿಡಿಸಿತು.

ಭಾವನಂಥವರು ಸತ್ತ ಮೇಲೆಯೇ ಅಜ್ಜಿ ಹುಟ್ಟಿದ್ದು. ಅವಳ ಹಿಂದಿನ ಚಕ್ರಗಳನ್ನು ಒಂದು ಗೇಣು ಹಿಂದಕ್ಕೆ ಸರಿಸಿ, ಮಡಚದಂತೆ ಹೊಸ ತೋಳು ಕೊಟ್ಟಿದ್ದರು. ಅಮ್ಮನಿಗೆ ನೀರಿನಿಂದ ತಣಿಯುವ ಎಂಜಿನ್ನು ಬಂತು, ಪವರ್ ಸ್ಟೀರಿಂಗ್ ಬಂತು, ಚಕ್ರ ಕಚ್ಚಿಕೊಳ್ಳದ ಬ್ರೇಕು ಬಂತು. ಮಗಳಿಗಂತೂ ಗೇರಿನ ಕೋಲೂ ಇಲ್ಲ, ಕ್ಲಚ್ಚೂ ಇಲ್ಲ. ಸ್ಟೀರಿಂಗನ್ನು ತಿರುಗಿಸುವುದು ಮೋಟರು, ಜಾರಿದರೆ ಯಾವ ಚಕ್ರಕ್ಕೆ ಬ್ರೇಕ್ ಹಾಕಬೇಕೆಂದು ನಿರ್ಧರಿಸುವುದು ಕಂಪ್ಯೂಟರು.

"ಒಂದೊಂದು ತಲೆಮಾರಿಗೂ ಒಂದೊಂದನ್ನ ಕಿತ್ಕೊಂಡ್ರಿ," ಎಂದು ಗರುಡ ದೂರುತ್ತಿದ್ದ. "ಮೊದಲು ಸದ್ದು, ಆಮೇಲೆ ತೂಕ, ಆಮೇಲೆ ರಸ್ತೆ. ಇನ್ನು ಡ್ರೈವರನ್ನೇ ಕಿತ್ತರೆ ಮುಗೀತು."

"ಒಂದೊಂದು ತಲೆಮಾರಿಗೂ ವಿಧವೆಯರು ಕಡಿಮೆಯಾದ್ರು. ಅದನ್ನೂ ಲೆಕ್ಕಕ್ಕೆ ಹಿಡೀರಿ."

"ನಿನ್ನ ನಾಲಿಗೆಗೆ ಬ್ರೇಕೇ ಇಟ್ಟಿಲ್ವಲ್ಲೇ ಮಾರಾಯ್ತಿ!"

ಅವನ ಮಾತಿನಿಂದ ಬಹುವಚನ ಯಾವಾಗ ಬಿದ್ದುಹೋಯಿತೆಂದು ಇಬ್ಬರಿಗೂ ತಿಳಿಯಲಿಲ್ಲ. ಅವನು ಬಾಗಿ ಮುತ್ತಜ್ಜಿಯ ಗೇರ್ ಕೋಲಿನ ಮೇಲೆ ಅವಳ ಕೈ ಇರಿಸಿ, ಅದರ ಮೇಲೆ ತನ್ನ ಕೈ ಇರಿಸಿ, "ಎಳೀಬೇಡ, ಕೇಳು. ಅದೇ ಒಳಗೆ ಕರ್ಕೊಳ್ಳತ್ತೆ," ಎಂದಾಗ ಗೇರು ಬಿದ್ದದ್ದು ಅವಳಿಗೆ ಕೇಳಿಸಲೇ ಇಲ್ಲ. ನಲವತ್ತು ದಾಟಿದ ಹೆಂಗಸು, ಕನ್ನಡಿಯಲ್ಲಿ ತನ್ನ ಕೆನ್ನೆ ನೋಡಿಕೊಂಡು ತನ್ನನ್ನೇ ಬೈದುಕೊಂಡಳು.

ಒಂದು ಭಾನುವಾರ ಅವನು ಅಕ್ಕತಂಗಿಯರ ಮನೆಗೆ ಊಟಕ್ಕೆ ಬಂದ. ಅಕ್ಕ ಬಾಗಿಲು ತೆಗೆದವಳು ಅಡಿಯಿಂದ ಮುಡಿವರೆಗೆ ನೋಡಿ, "ಫೋಟೊದಲ್ಲಿ ಇನ್ನೂ ಎತ್ತರ ಕಾಣ್ತಿದ್ರಿ," ಎಂದಳು. ಗರುಡ ತಲೆ ತಗ್ಗಿಸಿ, "ಫೋಟೊದಲ್ಲಿ ಎಲ್ಲರೂ ಎತ್ತರಾನೇ," ಎಂದ. ಅಕ್ಕ ಬಡಿಸಿದಳು. ಎರಡನೇ ಸಲ ಕೇಳದೆಯೇ ಬಡಿಸಿದಳು.

ಹೊರಡುವಾಗ ಅವನು ಚಪ್ಪಲಿ ಮೆಟ್ಟಿ, ಅಂಗಳ ದಾಟಿ, ಗೇಟಿನ ಬಳಿ ನಿಂತು ಏನೋ ತಮಾಷೆ ಹೇಳಿದ. ಅವಳು ನಗಲು ಹೊರಟವಳು ತಡೆದುಕೊಂಡಳು. ಅವನ ಬಲಗಾಲಿನ ಚಪ್ಪಲಿ ಮೆಟ್ಟಿಲ ಹತ್ತಿರವೇ ಉಳಿದಿತ್ತು. ಬರಿಗಾಲಿನಲ್ಲಿ ಜಲ್ಲಿಕಲ್ಲಿನ ಮೇಲೆ ನಿಂತಿದ್ದ, ಅವನಿಗೆ ಅದು ಗೊತ್ತೇ ಇರಲಿಲ್ಲ.

"ಚಪ್ಪಲಿ..." ಎಂದಳು.

"ಓ! ನಿನ್ನನ್ನ ನೋಡ್ತಾ ಮರೆತೇಬಿಟ್ಟೆ," ಎಂದು ಅವನು ನಕ್ಕ. ಅಕ್ಕನೂ ನಕ್ಕಳು. ಅವಳೊಬ್ಬಳಿಗೆ ನಗು ಬರಲಿಲ್ಲ. ಜಲ್ಲಿಕಲ್ಲನ್ನು ಯಾರೂ ಪ್ರೀತಿಯಿಂದ ಮರೆಯುವುದಿಲ್ಲ.

ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದರೆ ಅವನ ಮುಖದ ಆ ತುಂಟ ಬೆಳಕು ಆರುತ್ತದೆಂದು ಗೊತ್ತಿತ್ತು. ಬಹಳ ತಡವಾಗಿ ಸಿಕ್ಕಿದ ಬೆಳಕು ಅದು.

ಮರುದಿನ ಟ್ರ್ಯಾಕಿನಲ್ಲಿ ಅವನೇ ಪಂದ್ಯ ಕಟ್ಟಿದ. "ನಿನ್ನ ಮಗಳ ಆ ದಾದಿ ಇದೆಯಲ್ಲ, ಜಾರಿದ್ರೆ ಹಿಡಿಯೋ ಸಿಸ್ಟಮ್ಮು, ಅದನ್ನ ಆಫ್ ಮಾಡು. ಆನ್ ಇದ್ದಾಗಿನ ನನ್ನ ಟೈಮನ್ನ ನಾನೇ ಮುರೀತೀನಿ. ಮುರಿದ್ರೆ ನನ್ನನ್ನ ಮದುವೆ ಆಗಬೇಕು."

"ಮುರೀದಿದ್ರೆ?"

"ಮುರೀದಿದ್ರೆ ನಾನು ಗರುಡನೇ ಅಲ್ಲ. ಗರುಡನಲ್ಲದವನನ್ನ ಕಟ್ಕೊಂಡು ನೀನೇನು ಮಾಡ್ತೀಯ?"

ತಮಾಷೆಯಂತೆಯೇ ಹೇಳಿದ. ಅವಳು ಲ್ಯಾಪ್‌ಟಾಪ್ ಜೋಡಿಸಿ ಏನೋ ಬದಲಿಸಿದಳು. ಡ್ಯಾಶ್‌ಬೋರ್ಡಿನಲ್ಲಿ ಆಫ್ ದೀಪ ಹೊತ್ತಿತು. ಆಫ್ ಆಗಿರಲಿಲ್ಲ ಯಾವುದೂ.

ಅವನು ಹಕ್ಕಿಯಂತೆ ಹೋದ. ಕೊನೆಯ ಇಳಿಜಾರಿನ ಎಡತಿರುವಿನಲ್ಲಿ ಬ್ರೇಕಿನಿಂದ ಕಾಲು ತೆಗೆಯುವುದು ತಡವಾಯಿತು. ಕಾರು ಜಾರಿತು. ಹೊರಗಿನ ಮುಂಚಕ್ರಕ್ಕೆ ಬ್ರೇಕ್ ತಾನಾಗಿ ಬಿತ್ತು, ಕಾರು ಸರಿಯಾಯಿತು. ಅಂಥ ಹೊತ್ತಿನಲ್ಲಿ ಪೆಡಲ್ಲು ದಡದಡ ನಡುಗುತ್ತದೆ, ನಿನ್ನೆ ಲೈಸೆನ್ಸ್ ತೆಗೆದವನಿಗೂ ಪಾದದಡಿ ಗೊತ್ತಾಗುತ್ತದೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ಆ ನಡುಕವನ್ನು ನೋಡುತ್ತ, ಅವನು ಬಂದು ಬೈಯಲಿ ಎಂದು ಅವಳು ಹಾರೈಸಿದಳು. ಮೋಸಗಾತಿ, ಆನ್ ಇಟ್ಟಿದ್ದೀಯ ಎನ್ನಲಿ.

ಅವನು ಹೆಲ್ಮೆಟ್ ಕಿತ್ತೆಸೆದು ಓಡಿಬಂದು ಅವಳನ್ನು ಎತ್ತಿ ಸುತ್ತಿಸಿದ. "ಮುರಿದೆ! ನೋಡ್ದೆಯಾ? ನೋಡ್ದೆಯಾ ಕೊನೇ ತಿರುವು?"

"ನೋಡಿದೆ," ಎಂದಳು. "ಹೂಂ," ಎಂದಳು. ಅವನ ಭುಜದಲ್ಲಿ ಮುಖ ಹುದುಗಿಸಿ ಅತ್ತಳು. ಅದು ಸಂತೋಷದ ಕಣ್ಣೀರೆಂದು ಅವನು ಅಂದುಕೊಂಡ. ಅರ್ಧ ಹಾಗೆಯೂ ಇತ್ತು.

ಗೆದ್ದವನ ಅಮಲು ಇಳಿಯಲಿಲ್ಲ. ಆ ವಾರವೇ ಅವನು ಪ್ರಚಾರದವನಿಗೆ ಹೇಳಿಬಿಟ್ಟ: ಬಿಡುಗಡೆಯ ದಿನ ಮುತ್ತಜ್ಜಿಯನ್ನು ಮೆರವಣಿಗೆಯ ಹಾಗೆ ಓಡಿಸುವುದಿಲ್ಲ, ಪೂರ್ತಿ ವೇಗದಲ್ಲಿ ಓಡಿಸಿ ತನ್ನ ಹಳೆಯ ದಾಖಲೆ ಮುರಿಯುತ್ತೇನೆ. ಪ್ರಚಾರದವನು ಕುಣಿದಾಡಿದ. ಬ್ರೇಕ್ ಮೇಡಂ ಬೇಡಿಕೊಂಡಳು, ಸಿಡುಕಿದಳು, ಮಾತು ಬಿಟ್ಟಳು. "ಮದುವೆಗೆ ಮುಂಚೆಯೇ ಹೆಂಡತಿ ಆಗಬೇಡ ಕಣೇ," ಎಂದು ಅವನು ಕೆನ್ನೆ ಚಿವುಟಿದ.

ಅಕ್ಕನಿಗೆ ಎಲ್ಲ ಹೇಳಿದಳು. ಅಕ್ಕ ಬಟ್ಟೆ ಮಡಚುತ್ತಲೇ ಕೇಳಿದಳು.

"ಹೇಳಿದ್ರೆ ಅವನು ನಿನ್ನನ್ನ ಬಿಡ್ತಾನೆ."

"ಗೊತ್ತು."

"ಹೇಳದಿದ್ರೆ ಜನ ನಿನ್ನ ಹತ್ರ ಬಂದು, ಇಷ್ಟವಾದದ್ದನ್ನ ಮಾಡ್ತಾ ಹೋದ, ಪುಣ್ಯವಂತ ಅಂತಾರೆ. ನನಗೆ ಅಂದ್ರಲ್ಲ ಹಾಗೆ." ಅಕ್ಕ ಅಂಗಿಯ ಮಡಿಕೆಯನ್ನು ಅಂಗೈಯಿಂದ ಒತ್ತಿದಳು. "ಆಗ ಯಾರ ಕತ್ತು ಹಿಸುಕೋದು ಅಂತ ಗೊತ್ತಾಗಲ್ಲ ಕಣೇ."

ಬಿಡುಗಡೆಯ ಹಿಂದಿನ ದಿನ ಮಧ್ಯಾಹ್ನ ಗರಾಜಿನಲ್ಲಿ ಮುತ್ತಜ್ಜಿಯ ಪಕ್ಕ ಅವನೊಬ್ಬನೇ ಇದ್ದ. ಅವಳು ಸ್ಟೂಲು ಎಳೆದು ಕೂರಿಸಿದಳು. "ಬಲಗಾಲಿನ ಬೂಟು ಬಿಚ್ಚಿ. ಸಾಕ್ಸೂ."

"ಇದೇನಪ್ಪಾ, ಕಾಲಿಗೆ ಬೀಳ್ತೀಯಾ?"

"ಕಣ್ಣು ಮುಚ್ಚಿ. ಎಲ್ಲಿ ಮುಟ್ಟಿದೆ ಅಂತ ಹೇಳಬೇಕು."

ಅವನು ಖುಷಿಯಾಗಿ ಕಣ್ಣು ಮುಚ್ಚಿದ. ಕಾಲನ್ನು ಅವಳ ಮಡಿಲಿಗೆ ಚಾಚಿದ. ಅವಳು ತಣ್ಣನೆಯ ಸ್ಪ್ಯಾನರಿನ ತುದಿಯನ್ನು ಅವನ ಹೆಬ್ಬೆರಳಿಗೆ ಒತ್ತಿದಳು. ಅಂಗಾಲಿನ ನಡುವಿಗೆ ಒತ್ತಿದಳು. ಇನ್ನೂ ಜೋರಾಗಿ ಒತ್ತಿದಳು.

"ಹೂಂ, ಮುಟ್ಟು," ಎಂದ ಅವನು, ಮುಚ್ಚಿದ ಕಣ್ಣಲ್ಲೇ ನಗುತ್ತ. "ಎಷ್ಟು ಕಾಯಿಸ್ತೀಯ?"

ಅವಳು ಸ್ಪ್ಯಾನರನ್ನು ಅಲ್ಲೇ ಒತ್ತಿಹಿಡಿದಳು.

"ನಾಚಿಕೆನಾ?"

"ಕಣ್ಣು ಬಿಡಿ."

ಬಿಟ್ಟ. ಸ್ಪ್ಯಾನರ್ ಅಂಗಾಲಿನಲ್ಲಿ ಬಿಳಿಚಿದ ಕುಳಿ ಮಾಡಿ ನಿಂತಿತ್ತು. ಅವನ ತುಟಿಯ ಮೇಲೆ ನಗು ಇನ್ನೂ ಒಂದಿಷ್ಟು ಹೊತ್ತು ಉಳಿದಿತ್ತು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ.

"ಅವತ್ತು ಆಫ್ ಆಗಿದ್ದು ಸಿಸ್ಟಮ್ ಅಲ್ಲ, ದೀಪ ಮಾತ್ರ ಹಾಗೆ ತೋರಿಸ್ತಿತ್ತು," ಎಂದಳು. ನಿಲ್ಲಿಸಿದರೆ ಮತ್ತೆ ಹೇಳಲಾರೆನೆಂದು ಒಂದೇ ಉಸಿರಿಗೆ ಹೇಳಿದಳು. "ಕೊನೇ ತಿರುವಲ್ಲಿ ಕಾರು ಜಾರಿತು. ಅದೇ ಹಿಡ್ಕೊಳ್ತು. ಪೆಡಲ್ ನಡುಗಿತು, ನಿಮಗೆ ತಿಳೀಲಿಲ್ಲ. ಮುತ್ತಜ್ಜಿಗೆ ಹಿಡಿಯೋಕೆ ಏನೂ ಇಲ್ಲ. ನಿಮ್ಮ ಪಾದ ಒಂದೇ ಇರೋದು, ಅದೂ ಇಲ್ಲ."

ಅವನು ನಿಧಾನವಾಗಿ ಸಾಕ್ಸು ಏರಿಸಿದ. ಬೂಟು ಹಾಕಿದ. ಲೇಸು ಕಟ್ಟಿದ.

"ನಾನು ಸೋತಿದ್ದೆ ಅಂತ ಗೊತ್ತಿದ್ದೂ ಹೂಂ ಅಂದೆ."

"ಪ್ರೀತಿಗೆ ಅಂದೆ."

"ನಾಯಿಗೆ ಬಿಸ್ಕತ್ತು ಹಾಕೋರೂ ಪ್ರೀತಿಗೇ ಹಾಕ್ತಾರೆ." ಅವನು ಎದ್ದು ನಿಂತ. "ನಿನ್ನ ಭಾವನನ್ನ ಹಿಡಿಯೋಕಾಗ್ಲಿಲ್ಲ, ಸಿಕ್ಕಿದವನನ್ನೆಲ್ಲ ಹಿಡೀತಾ ಬಂದೆ. ನಾನೂ ಒಬ್ಬ ಜಾರಿದವನು, ಅಷ್ಟೆ. ಪಂದ್ಯ ನಾನು ಗೆದ್ದಿಲ್ಲ. ಮದುವೆಯೂ ಇಲ್ಲ."

"ಬೇಡ. ಆದ್ರೆ ನಾಳೆ ಇವಳ ಸ್ಟೀರಿಂಗ್ ಮುಟ್ಟಿದ್ರೆ ಎಲ್ಲರೆದುರಿಗೆ ನಿಮ್ಮ ಬೂಟು ಬಿಚ್ಚಿಸ್ತೀನಿ."

ಇಷ್ಟು ಕ್ರೂರವಾದ ಮಾತನ್ನು ತಾನು ಆಡಬಲ್ಲೆನೆಂದು ಅವಳಿಗೇ ಗೊತ್ತಿರಲಿಲ್ಲ. ಅವನು ಅವಳನ್ನು ಮೊದಲ ಸಲ ನೋಡುವವನಂತೆ ನೋಡಿ ಹೊರಟುಹೋದ.

ಮರುದಿನ ಟ್ರ್ಯಾಕಿನ ತುಂಬ ಜನ, ಕ್ಯಾಮೆರಾ. ಅವನು ಬರುವುದಿಲ್ಲವೆಂದೇ ಅವಳು ಅಂದುಕೊಂಡಿದ್ದಳು. ಬಂದ. ಹಳೆಯ ರೇಸಿಂಗ್ ಜಾಕೆಟ್ ತೊಟ್ಟು, ಮೈಕು ಹಿಡಿದು, ನಗುತ್ತ ಹೇಳಿದ: "ಮುತ್ತಜ್ಜಿಗೆ ಮುದುಕರು ಸಾಕಾಗಿದ್ದಾರಂತೆ. ಇನ್ಮೇಲೆ ನಾನು ಓಡಿಸಲ್ಲ, ಯಾವತ್ತೂ. ಇವತ್ತು ಇವರು ಓಡಿಸ್ತಾರೆ. ನಾನು ಪಕ್ಕದಲ್ಲಿ ಕೂತು ತಪ್ಪು ಹುಡುಕ್ತೀನಿ." ಅವಳತ್ತ ನೋಡದೆಯೇ ಕೈ ತೋರಿಸಿದ. ಜನ ನಕ್ಕು ಚಪ್ಪಾಳೆ ತಟ್ಟಿದರು.

ಒಲ್ಲೆ ಎನ್ನಲು ಅವಳಿಗೆ ಹಕ್ಕಿರಲಿಲ್ಲ.

ಕಾರಿನೊಳಗೆ ಅವನು ರಸ್ತೆಯನ್ನೇ ನೋಡುತ್ತ ಕೂತ. ದಾಖಲೆಯ ವೇಗವೇನಲ್ಲ, ಆದರೆ ಇಳಿಜಾರು ಶುರುವಾದಾಗ ಮುತ್ತಜ್ಜಿ ಅವಳು ಬಯಸಿದ್ದಕ್ಕಿಂತ ಜೋರಾಗಿಯೇ ಇದ್ದಳು. ಎಡತಿರುವು ಬಾಯಿ ತೆರೆಯಿತು. ಹಿಂದಿನ ಚಕ್ರಗಳು ಹಗುರಾದದ್ದು ಬೆನ್ನಿಗೆ ತಿಳಿಯಿತು. ಅವಳ ಕಾಲು, ಭಾವನ ಕಾಲಿನಂತೆಯೇ, ತಾನಾಗಿ ಮೇಲೇಳಹೊರಟಿತು.

ಮಂಡಿಯ ಮೇಲೆ ಅವನ ಅಂಗೈ ಬಿತ್ತು. "ಎತ್ತಬೇಡ."

ಆ ದನಿಯಲ್ಲಿ ಮುನಿಸಿರಲಿಲ್ಲ, ಪ್ರೀತಿಯೂ ಇರಲಿಲ್ಲ. ಅವಳು ಒತ್ತಿದಳು. ಬಾಲ ಒಮ್ಮೆ ಅಲುಗಿ ನೆಲ ಹಿಡಿಯಿತು. ತಿರುವು ಮುಗಿಯುತ್ತಿದ್ದಂತೆ ಅಂಗೈ ಹಿಂದೆ ಸರಿಯಿತು.

ಎಂಜಿನ್ ಆರಿದ ಮೇಲೆ ಅವಳು ಕೇಳಿದಳು: "ಉಳಿದುಬಿಡಿ. ನನಗೆ ಗರುಡ ಬೇಡ."

"ನನಗೆ ಬೇಕಿತ್ತು," ಎಂದ ಅವನು. ಮುಂಗೈಯಿಂದ ಅವಳ ಹಣೆಯ ಬೆವರನ್ನು, ಬೇರೆ ಯಾರದೋ ಹಣೆಯಂತೆ, ಮೆಲ್ಲಗೆ ಒರೆಸಿದ. "ಚೆನ್ನಾಗಿ ಓಡಿಸ್ದೆ."

ಜನರ ನಡುವೆ ಅಕ್ಕ ದಾರಿ ಮಾಡಿಕೊಂಡು ಬಂದಳು. ಭಾವ ಸತ್ತ ಮೇಲೆ ಅವಳು ಅಂಥ ಕಾರಿನ ಹತ್ತಿರ ಬಂದದ್ದು ಅದೇ ಮೊದಲು. ತಂಗಿಯ ಮುಖ ನೋಡಿದಳು, ದೂರ ಹೋಗುತ್ತಿದ್ದ ಬೆನ್ನನ್ನು ನೋಡಿದಳು.

"ಬದುಕಿದ್ದಾನೆ ತಾನೇ?"

"ಹೂಂ."

"ಹಾಗಿದ್ರೆ ಅಳು. ಬದುಕಿರೋನಿಗೋಸ್ಕರ ಅಳೋದು ಎಷ್ಟು ಸುಖ ಅಂತ ನಿನಗೆ ಗೊತ್ತಿಲ್ಲ."

ಟ್ರ್ಯಾಕಿನ ಗೇಟಿನ ಮೆಟ್ಟಿಲ ಹತ್ತಿರ ಅವನು ನಿಂತ. ತಿರುಗುತ್ತಾನೆಂದು ಅವಳು ಅಂದುಕೊಂಡಳು. ಅವನು ತಿರುಗಲಿಲ್ಲ. ತಲೆ ತಗ್ಗಿಸಿ ಬಲಗಾಲು ಎಲ್ಲಿದೆಯೆಂದು ನೋಡಿಕೊಂಡ, ಅದನ್ನು ಎತ್ತಿ ಮೆಟ್ಟಿಲ ಮೇಲೆ ಸರಿಯಾಗಿ ಇರಿಸಿದ, ಹೋದ.