ಗಾಳಿ ಇಳಿದ ಟೈರು

ಕಾದು ಸುಡುತ್ತಿದ್ದ ಬೈಕಿನ ಹೊಗೆ ಪೈಪು ನನ್ನ ಕೆನ್ನೆಯಿಂದ ಗೇಣು ದೂರದಲ್ಲಿತ್ತು!

ಕತ್ತು ಅಮುಕಿ ಹಿಡಿದವನು ಬ್ರೋಡಿ. ಅವನ ಧಣಿ ಕ್ಲೈವ್ ಶೆಡ್ಡಿನ ಬಾಗಿಲು ಎಳೆದುಕೊಂಡ. ಹೊರಗೆ ಗಿರಾಕಿಗಳು ಅಂಗಡಿಯವರೇ ಹಂಚಿದ ಪುಕ್ಕಟೆ ಸಾಸೇಜು ತಿನ್ನುತ್ತ ಸಾಲಾಗಿ ನಿಂತಿದ್ದರು.

"ಟೈರು ಯಾಕೋ ಮುಟ್ಟಿದೆ?" ಅಂದ ಕ್ಲೈವ್.

"ಮೆತ್ತಗಿತ್ತು ಗುರೂ."

ನನ್ನ ಕಸುಬೇ ಮೂಗು ತೂರಿಸುವುದು. ಈ ಸಲ ಕಳಿಸಿದವಳು ಬಲ್ಲರಾಟ್ ಊರಿನ ನೋಲೀನ್. ಅವಳ ಮಗ ಕೋರಿ ಕ್ಲೈವ್ ಹತ್ತಿರ ಹೊಸ ಎಕ್ಸಾಸ್ಟ್ ಪೈಪು ಹಾಕಿಸಿದ್ದ. ಹನ್ನೆರಡು ಕುದುರೆ ಬಲ ಹೆಚ್ಚಿದೆ ಅಂತ ನಂಬಿದ್ದ. ಆ ನಂಬಿಕೆಯಲ್ಲೇ ದಿಮ್ಮಿ ಲಾರಿಯೊಂದನ್ನು ಓವರ್‌ಟೇಕ್ ಮಾಡಲು ಹೋದ... ಎದುರಿಗೆ ಇನ್ನೊಂದು ಬಂತು.

ತಪ್ಪು ಹುಡುಗನದೇ ಅಂದರು ಎಲ್ಲರೂ.

"ನನ್ನ ಮಗ ಪುಕ್ಕಲ ಕಣಪ್ಪ. ಆ ಧೈರ್ಯ ಎಲ್ಲಿಂದ ಬಂತು? ಅದೊಂದು ಹೇಳು" ಅಂದಿದ್ದಳು ನೋಲೀನ್.

ಈಗ ಗೊತ್ತಾಗಿತ್ತು. ಎಂಜಿನ್ ಬಲ ಅಳೆಯುವ ಯಂತ್ರದ ಉರುಳೆಗೆ ಬೈಕು ಹತ್ತಿಸಿ, ಹಳೇ ಪೈಪಿನ ಓಟಕ್ಕೆ ಮುಂಚೆ ಟೈರಿನ ಗಾಳಿ ಇಳಿಸುತ್ತಿದ್ದರು. ಮೆತ್ತಗಿನ ಟೈರು ಬಲ ನುಂಗುತ್ತದೆ. ಹೊಸ ಪೈಪು ಜೋಡಿಸುವಾಗ ಸದ್ದಿಲ್ಲದೆ ಗಾಳಿ ತುಂಬಿದರೆ ಆಯಿತು... ಹೆಸರೆಲ್ಲ ಪೈಪಿಗೆ!

"ಹುಡುಗ ಕೊಬ್ಬಿನಿಂದ ಸತ್ತ. ಹಾಗಂತ ಅವನಮ್ಮನಿಗೆ ಹೇಳ್ತೀಯಾ, ಮುಖ ಸುಟ್ಕೋತೀಯಾ?" ಅಂದ ಕ್ಲೈವ್.

ಮೈ ಉರಿದುಹೋಯಿತು. ಮೊಣಕೈ ಹಿಂದಕ್ಕೆ ಗುದ್ದಿದೆ. ಬ್ರೋಡಿ ತತ್ತರಿಸಿ ಪೈಪಿನ ಮೇಲೆ ಕೈಯೂರಿದ.

ಅವನ ಕಿರುಚಾಟಕ್ಕೆ ಗಿರಾಕಿಗಳೆಲ್ಲ ಒಳಗೆ ನುಗ್ಗಿದರು. ಹಿಂದೆಯೇ, ಹೊರಗೆ ನನಗಾಗಿ ಕಾಯುತ್ತಿದ್ದ ನೋಲೀನ್.

"ಟೈರಿಗೆ ಗಾಳಿ ತುಂಬಿ, ಹಳೇ ಪೈಪಲ್ಲೇ ಇನ್ನೊಮ್ಮೆ ಉರುಳೆ ಮೇಲೆ ಓಡಿಸಿ" ಅಂದೆ.

ಬೈಕಿನ ಒಡೆಯ ಗ್ಯಾರೆತ್ ತಾನೇ ಓಡಿಸಿದ. ಹಳೇ ಪೈಪಲ್ಲೇ ಹನ್ನೊಂದು ಕುದುರೆ ಬಲ ಏರಿತು. ಹೊಸದನ್ನು ಹಾಕಿ ಓಡಿಸಿದಾಗ ಹೆಚ್ಚಿದ್ದು ಒಂದೇ ಒಂದು.

ಕ್ಲೈವ್ ಮುಖದಲ್ಲಿ ರಕ್ತವಿರಲಿಲ್ಲ. ಗೆದ್ದೆ ಅಂದುಕೊಂಡೆ.

ಗ್ಯಾರೆತ್ ಗಡ್ಡ ಕೆರೆದುಕೊಂಡ.

"ಬಲ ಹಾಳಾಗಿ ಹೋಗ್ಲಿ. ಸದ್ದು ಮಾತ್ರ ಮಸ್ತಾಗಿದೆ... ಕಪ್ಪು ಬಣ್ಣದ್ದು ಇದೆಯಾ?"

"ಇದೆ ಗುರೂ" ಅಂದ ಕ್ಲೈವ್. ನಗು ವಾಪಸ್ ಬಂದಿತ್ತು.

ನೋಲೀನ್ ನನ್ನ ತೋಳು ಹಿಡಿದುಕೊಂಡಳು.

"ನನ್ನ ಕೋರಿಗೆ ಇದು ಗೊತ್ತಿರಲಿಲ್ಲ. ಇವರಿಗೆ ಗೊತ್ತಾಯ್ತಲ್ಲಪ್ಪ... ಇನ್ನು ಈ ಅಂಗಡಿ ಮುಚ್ಚುತ್ತೆ, ಅಲ್ವಾ?"

"ಪೈಪಿಗೆ ಮತ್ತೆ ಸಾಲು ಕಟ್ಟಿದ್ದಾರೆ, ನೋಡಿ ನೋಲೀನ್. ಸಾಸೇಜು ಮುಗಿದರೂ ಒಬ್ಬನೂ ಮನೆಗೆ ಹೋಗಿಲ್ಲ."