ಬೆನ್ನಿಗೆ ಕಟ್ಟಿದ ಕಾಯಿ

ಇದು ನಡೆದದ್ದು ಹಾಡಹಗಲು, ಅದಕ್ಕೇ ಯಾರೂ ನಂಬುವುದಿಲ್ಲ. ತೊಂಬತ್ತೆಂಟರ ಬೇಸಿಗೆಯಲ್ಲಿ ನಾನೂ ಗೆಳೆಯ ಜುಂಜೇಶನೂ ಹುಳಿಯಾರಿನಿಂದ ಸೈಕಲ್ ತುಳಿದು ಬೆಟ್ಟದ ದೊಣೆಗೆ ಈಜಲು ಹೋಗಿದ್ದೆವು. ಬಂಡೆಗಳ ನಡುವೆ ನೀರು ಕಪ್ಪಗೆ ನಿಂತಿತ್ತು. ನನಗೆ ಈಜು ಬರದು. ನಮ್ಮ ಕಡೆ ಕಲಿಸುವ ಹಾಗೆ ಜುಂಜೇಶ, ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿ ಮಾಡಿ ನನ್ನ ಬೆನ್ನಿಗೆ ಹಗ್ಗದಿಂದ ಬಿಗಿದ.

"ಇಳೀಲಾ ಶಶಿ, ಹಿಂದೇನೇ ಬತ್ತೀನಿ."

ಕಣ್ಣು ಮುಚ್ಚಿ ಕೈಕಾಲು ಬಡಿಯುತ್ತ ಹೋದೆ. ಹೊಟ್ಟೆಯ ಕೆಳಗೆ ಅವನ ಅಂಗೈ ಆಸರೆ ಕೊಟ್ಟಿತ್ತು. ಬಿಸಿಲಿಗೆ ನೀರು ಬೆಚ್ಚಗಿದ್ದರೂ ಆ ಕೈ ಮಾತ್ರ ಕೊರೆಯುತ್ತಿತ್ತು.

"ಕೈ ಬುಡ್ಲಾ, ನಾನೇ ಈಜ್ತೀನಿ," ಎಂದೆ.

"ಯಾರ್ಗ್ಲಾ ಹೇಳ್ತಿದೀಯಾ?"

ಜುಂಜೇಶನ ದನಿ ದೂರದಿಂದ ಬಂತು. ಕಣ್ಣು ಬಿಟ್ಟೆ. ಅವನು ದಡದ ಬಂಡೆಯ ಮೇಲೆ ಇನ್ನೂ ಅಂಗಿ ಬಿಚ್ಚುತ್ತಿದ್ದ.

ಹೊಟ್ಟೆಯ ಕೆಳಗಿನ ಬೆರಳುಗಳು ಒಂದೊಂದಾಗಿ ಮಡಚಿಕೊಂಡು ನನ್ನನ್ನು ಬಿಗಿಹಿಡಿದವು. ಕಿರುಚಿದೆ. ಜುಂಜೇಶ ಧುಮುಕಿ ಬಂದು, ಜುಟ್ಟು ಹಿಡಿದು ನನ್ನನ್ನು ದಡಕ್ಕೆ ಎಳೆದುಹಾಕಿದ. ಬೆನ್ನು ಸವರಿದವನ ಮುಖ ಬಿಳಿಚಿತು.

"ಲೇ, ಕಾಯಿ ಎಲ್ಲೋದ್ವಲಾ?"

ನಾನು ನೀರಿಗಿಳಿದ ಜಾಗದಲ್ಲೇ, ಬಂಡೆಗೆ ಒರಗಿಕೊಂಡು ಅವು ತೇಲುತ್ತಿದ್ದವು. ಹಗ್ಗದ ಗಂಟು ಬಿಚ್ಚಿರಲಿಲ್ಲ.

ನನಗೆ ಇವತ್ತಿಗೂ ಈಜು ಬರುವುದಿಲ್ಲ.